ಬಲೂನು ಬಂದ ದಾರಿ ಹಿಡಿದು

ಜಲಸಂಗಿಗೆ ಎಷ್ಟು ಸಲ ಹೋಗಿದ್ದೇನೋ ಲೆಕ್ಕ ಇಟ್ಟಿಲ್ಲ. ಬೀದರ್ ಜಿಲ್ಲೆ ಹುಮನಾಬಾದ್ ತಾಲೂಕಿನ ಈ ಊರಿಗೆ ಹೊರಗಿನವರು ಬರುವುದು ಒಬ್ಬ ಕಲ್ಲಿನ ಹೆಣ್ಣುಮಗಳನ್ನು ನೋಡಲು. ಕಲ್ಯಾಣದ ಚಾಲುಕ್ಯರ ಕಾಲದ ಗುಡಿಯ ಹೊರಗೋಡೆಯಲ್ಲಿ ಮೈ ಬಳುಕಿಸಿ ನಿಂತು ಅವಳು ಫಲಕದ ಮೇಲೆ ಅಕ್ಷರ ಮೂಡಿಸುತ್ತಿದ್ದಾಳೆ. ಬರೆಯುತ್ತಿರುವುದು ಆರನೆಯ ವಿಕ್ರಮಾದಿತ್ಯನನ್ನು ಹೊಗಳುವ ಸಂಸ್ಕೃತ ಶ್ಲೋಕ. ಆ ಅರಸ 1076ರಲ್ಲಿ ಪಟ್ಟಕ್ಕೆ ಬಂದವನು. ಅವನು ಹೋದ, ಅವನ ರಾಜ್ಯ ಹೋಯಿತು. ಈಕೆಯ ಕೈ ಮಾತ್ರ ಫಲಕ ಬಿಟ್ಟು ಕದಲಿಲ್ಲ.

2025ರ ಜನವರಿಯಲ್ಲಿ ಸುತ್ತಲ ಹಳ್ಳಿಯವರು ಜಲಸಂಗಿಗೆ ಓಡಿದ್ದು ಅವಳಿಗಾಗಿ ಅಲ್ಲ. ಆಕಾಶದಿಂದ ಭಾರೀ ಬಲೂನೊಂದು ಊರಿಗೆ ಇಳಿದಿತ್ತು. ಜೊತೆಗೆ ಯಂತ್ರಗಳೂ ಇದ್ದವು. ಬಾಂಬು ಇರಬೇಕು ಅಂದರು, ಉಪಗ್ರಹ ಅಂದರು, ಬೇರೆ ದೇಶದ್ದು ಅಂದರು. ಆಮೇಲೆ ತಿಳಿಯಿತು: ಹೈದರಾಬಾದಿನಲ್ಲಿರುವ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ಬಲೂನು ಕೇಂದ್ರ ಹಾರಿಸಿದ್ದು ಅದು. ಮೇಲೆ ಹೋಗಿ, ತನ್ನ ಕೆಲಸ ಮುಗಿಸಿ, ಗಾಳಿ ಒಯ್ದ ಕಡೆ ಹೋಗಿ ನಮ್ಮ ಸೀಮೆಯಲ್ಲಿ ಇಳಿದಿತ್ತು.

ಮೊಬೈಲಿನಲ್ಲಿ ಆ ಚಿತ್ರ ನೋಡಿದ ನನ್ನ ಅಕ್ಕನ ಮಗಳು ಕೇಳಿದಳು: "ಮಾಮಾ, ಇದು ಎಷ್ಟು ಮ್ಯಾಲೆ ಹೋಗಿ ಬಂದದ?"

ನನಗೆ ಗೊತ್ತಿರಲಿಲ್ಲ. ಮೂವತ್ತು ವರ್ಷ ಹೈದರಾಬಾದಿಗೆ ಹೋಗಿ ಬರುತ್ತಿದ್ದೇನೆ. ನಮ್ಮ ಕಡೆಯವರಿಗೆ ದವಾಖಾನೆಗೂ ಅದೇ, ಲಗ್ನದ ಜವಳಿಗೂ ಅದೇ, ಕೆಲಸ ಹುಡುಕಲೂ ಅದೇ ಊರು. ಅಲ್ಲಿ ಆಕಾಶಕ್ಕೆ ಒಂದು ಬಾಗಿಲು ಇದೆ ಅನ್ನುವುದನ್ನು ಮಾತ್ರ ನೋಡಿರಲಿಲ್ಲ. ಹುಡುಗಿಗೆ ಮಾತು ಕೊಟ್ಟೆ. ಆ ವರ್ಷ ಡಿಸೆಂಬರಿನ ಒಂದು ಶನಿವಾರ ಇಬ್ಬರೂ ಬೀದರಿನಲ್ಲಿ ಬೆಳಗಿನ ರೈಲು ಹತ್ತಿದೆವು. ಬಲೂನು ಬಂದ ದಾರಿಗೆ ಉಲ್ಟಾ ಪ್ರಯಾಣ.

ಕಿಟಕಿಯಾಚೆ ಮೊದಲು ಕೆಂಪು ನೆಲ. ಬೀದರ್ ಕೂತಿರುವುದು ಜಂಬಿಟ್ಟಿಗೆ ಕಲ್ಲಿನ ಮೇಲೆ. ಕೋಟೆಯ ಕಂದಕ ಕಡಿದದ್ದು ಅದರಲ್ಲೇ, ಬಹಮನಿಗಳ ಕಾಲದ ನೌಬಾದಿನ ಸುರಂಗ ಬಾವಿ ತೋಡಿದ್ದೂ ಅದರಲ್ಲೇ. ಮಳೆ ನೀರು ಆ ತೂತುತೂತಿನ ಕಲ್ಲಿನೊಳಗೆ ಇಳಿಯುತ್ತ ಹೋಗಿ, ಅಡಿಯ ಕರಿಕಲ್ಲು ತಾಗಿದ ಕೂಡಲೇ ನಿಂತುಬಿಡುತ್ತದೆ. ಆ ಎರಡು ಕಲ್ಲು ಕೂಡುವ ಜಾಗ ಹುಡುಕಿ ಸುರಂಗ ತೋಡಿದವರ ಬುದ್ಧಿ ದೊಡ್ಡದು. ಅಡಿಯ ಕರಿಕಲ್ಲು ಸುಮಾರು 6.6 ಕೋಟಿ ವರ್ಷದ ಹಿಂದೆ ನೆಲ ಬಿರಿದು ಹರಿದ ಲಾವಾ. ಭೂಮಿಯ ಮೇಲಿಂದ ಡೈನೊಸಾರ್‌ಗಳು ಕಾಣೆಯಾದ ಕಾಲವೂ ಅದೇ. ಮೇಲಿನ ಕೆಂಪು ಕಲ್ಲು ಬೇರೆಯದೇನಲ್ಲ. ಅದೇ ಕರಿಕಲ್ಲು ಲಕ್ಷಾಂತರ ಮಳೆಗಾಲ ನೆನೆದು, ಬಿಸಿಲಿಗೆ ಬೆಂದು, ಕೊಳೆತು ಹಾಗಾಗಿದೆ.

ಜಹೀರಾಬಾದ್ ಹೋಯಿತು, ವಿಕಾರಾಬಾದ್ ಹೋಯಿತು. ಲಿಂಗಂಪಲ್ಲಿ ಹತ್ತಿರ ಬರುವಾಗ ಹುಡುಗಿ ಎದ್ದು ನಿಂತಳು. ಅಪಾರ್ಟ್‌ಮೆಂಟುಗಳ ಸಂದಿಯಲ್ಲಿ ದುಂಡನೆಯ ಬಂಡೆಗಳು, ಒಂದರ ಮೇಲೊಂದು, ಯಾರೋ ಎತ್ತಿ ಇಟ್ಟ ಹಾಗೆ.

"ಯಾರ್ ಇಟ್ಟಾರ ಮಾಮಾ?"

ಯಾರೂ ಇಟ್ಟಿಲ್ಲ. ಇದು ಗ್ರಾನೈಟು. ನೆಲದೊಳಗೆ ಇರುವಾಗಲೇ ಸೀಳು ಬಿದ್ದು, ಸೀಳಿನಲ್ಲಿ ನೀರಿಳಿದು ಮೂಲೆಗಳೆಲ್ಲ ಸವೆದು ದುಂಡಗಾದವು. ಸುತ್ತಲಿನ ಮಣ್ಣು ತೊಳೆದು ಹೋದ ಮೇಲೆ ಇವು ಹೀಗೆ ಬಯಲಿಗೆ ಬಂದವು. ಇದರ ವಯಸ್ಸು ಸುಮಾರು 250 ಕೋಟಿ ವರ್ಷ. ಭೂಮಿಯ ಆಯಸ್ಸಿನಲ್ಲಿ ಅರ್ಧಕ್ಕಿಂತ ಹೆಚ್ಚು ಕಾಲ ಈ ಕಲ್ಲು ಇಲ್ಲೇ ಇದೆ. ನಮ್ಮ ಬೀದರಿನ ಲಾವಾ ಹರಿದ ದಿನ ಇದು 240 ಕೋಟಿ ವರ್ಷದ ಮುದಿಯ. ಒಂದು ಟಿಕೆಟ್ಟಿನಲ್ಲಿ, ಚಹಾ ಕುಡಿದು ಮುಗಿಸುವುದರೊಳಗೆ, ನಾವು ಅಷ್ಟು ಕಾಲ ದಾಟಿದ್ದೆವು.

ಇಳಿದದ್ದು ಬೇಗಂಪೇಟೆಯಲ್ಲಿ. ನಾನು ಮೊದಲು ನೋಡಬೇಕೆಂದಿದ್ದ ಜಾಗ ಅಲ್ಲೇ ಇದೆ. ಸಾಮಾಜಿಕ-ಆರ್ಥಿಕ ಅಧ್ಯಯನ ಕೇಂದ್ರದ ಆವರಣದೊಳಗೆ, ಮರಗಳ ಹಿಂದೆ, ನಿಜಾಮಿಯಾ ವೀಕ್ಷಣಾಲಯದ ಹಳೆಯ ಕಟ್ಟಡ. ಕಾವಲಿನವರು ಏನು ಬೇಕು ಅಂದರು. ನಕ್ಷತ್ರ ನೋಡುತ್ತಿದ್ದ ಗುಮ್ಮಟ ನೋಡಬೇಕು ಅಂದೆ. ಹುಡುಗಿಯ ಮುಖ ನೋಡಿ ಬಿಟ್ಟರು.

ಗುಮ್ಮಟ ನಿಂತಿದೆ, ಆದರೆ ಬಡವಾಗಿದೆ. ಗೋಡೆಯ ಗಾರೆ ಉದುರಿದೆ, ಲೋಹಕ್ಕೆ ತುಕ್ಕು ಏರಿದೆ. ಈಗ ಇಲ್ಲಿ ಯಾರೂ ನಕ್ಷತ್ರ ನೋಡುವುದಿಲ್ಲ. ನಾನು ಅಲ್ಲಿಯೇ ಕಟ್ಟೆಯ ಮೇಲೆ ಕೂತು ಅವಳಿಗೆ ಕಥೆ ಹೇಳಿದೆ.

ನವಾಬ್ ಜಫರ್ ಜಂಗ್ ಎಂಬ ಸರದಾರನಿಗೆ ಆಕಾಶದ ಹುಚ್ಚಿತ್ತು. ಗ್ರಬ್ ಕಂಪನಿಯ 15 ಇಂಚಿನ ದೂರದರ್ಶಕ ತರಿಸಿ, 1901ರಲ್ಲಿ ಫಿಸಲ್ ಬಂಡಾ ಎಂಬಲ್ಲಿ ವೀಕ್ಷಣಾಲಯ ಕಟ್ಟಿದ. ಫಿಸಲ್ ಬಂಡಾ ಅಂದರೆ ಜಾರುಬಂಡೆ. ನಾವು ರೈಲಿನಲ್ಲಿ ನೋಡಿಕೊಂಡು ಬಂದ ಅದೇ ಗ್ರಾನೈಟಿನ ಜಾತಿ. ನಿಜಾಮನ ಹೆಸರಿಡಲು ಅಪ್ಪಣೆ ಬೇಡಿದ, ಸಿಕ್ಕಿತು. ಅವನು ತೀರಿಕೊಂಡ ಮೇಲೆ 1908ರಲ್ಲಿ ಸಂಸ್ಥಾನವೇ ಅದನ್ನು ವಹಿಸಿಕೊಂಡು ಬೇಗಂಪೇಟೆಗೆ ತಂದಿತು. ಆಗ ಬೀದರ್, ಕಲಬುರಗಿ, ರಾಯಚೂರು ಎಲ್ಲವೂ ಹೈದರಾಬಾದ್ ಸಂಸ್ಥಾನದ ಜಿಲ್ಲೆಗಳು. ಬೀದರಿನ ರೈತ ಕೊಟ್ಟ ಕಂದಾಯವೂ ಈ ಗೋಡೆಯಲ್ಲಿದೆ. ಆ ಲೆಕ್ಕದಲ್ಲಿ ಈ ಗುಮ್ಮಟ ನಮ್ಮದೂ ಹೌದು.

ಇಲ್ಲಿ ನಡೆದ ಕೆಲಸ ಸಣ್ಣದಲ್ಲ. 1887ರಲ್ಲಿ ಪ್ಯಾರಿಸಿನಲ್ಲಿ ಸೇರಿದ ಖಗೋಳ ವಿಜ್ಞಾನಿಗಳು ಇಡೀ ಆಕಾಶದ ಫೋಟೊ ತೆಗೆದು, ಒಂದೊಂದು ನಕ್ಷತ್ರದ ಜಾಗವನ್ನೂ ಅಳೆದು ಬರೆದಿಡಬೇಕೆಂದು ತೀರ್ಮಾನಿಸಿದ್ದರು. ಆಕಾಶವನ್ನು ಹೊಲದ ಪಟ್ಟಿಗಳಂತೆ ಭಾಗ ಮಾಡಿ ಲೋಕದ ಹಲವು ವೀಕ್ಷಣಾಲಯಗಳಿಗೆ ಹಂಚಿದರು. ಹೈದರಾಬಾದಿಗೆ ದಕ್ಷಿಣದ 17ರಿಂದ 23 ಡಿಗ್ರಿಯ ಪಟ್ಟಿ ಬಂತು. ಮುಂದೆ ಉತ್ತರದ 36ರಿಂದ 39 ಡಿಗ್ರಿಯ ಪಟ್ಟಿಯೂ ಸೇರಿತು. ರಾತ್ರಿ ಗಾಜಿನ ಫಲಕಗಳ ಮೇಲೆ ಆಕಾಶವನ್ನು ಇಳಿಸುವುದು, ಹಗಲು ಆ ಫಲಕವನ್ನು ಸೂಕ್ಷ್ಮದರ್ಶಕದ ಅಡಿ ಇಟ್ಟು ಚುಕ್ಕಿ ಚುಕ್ಕಿಯನ್ನೂ ಅಳೆಯುವುದು. ಫಲಕದ ಮೇಲೆ ಐದೈದು ಮಿಲಿಮೀಟರಿಗೆ ಒಂದರಂತೆ ಗೆರೆಗಳ ಜಾಲ. ಯಾವ ಚೌಕದಲ್ಲಿ, ಗೆರೆಯಿಂದ ಎಷ್ಟು ಅಂತರದಲ್ಲಿ ಚುಕ್ಕಿ ಇದೆ ಎಂದು ಓದಿ ಬರೆದುಕೊಳ್ಳಬೇಕು. ಬರಿಗಣ್ಣಿಗೆ ಕಾಣುವ ಅತಿ ಮಂಕಾದ ನಕ್ಷತ್ರಕ್ಕಿಂತ ನೂರು ಪಾಲು ಮಂಕಾದದ್ದನ್ನೂ ಬಿಡುವಂತಿಲ್ಲ.

ಹೀಗೆ ಬೇಗಂಪೇಟೆಯ ಈ ಕಟ್ಟಡದಲ್ಲಿ ಅಳೆದ ನಕ್ಷತ್ರಗಳು 7,63,542. ಅಮಾವಾಸ್ಯೆಯ ರಾತ್ರಿ ಹೊಲದಲ್ಲಿ ನಿಂತವನ ಕಣ್ಣಿಗೆ ಒಮ್ಮೆಗೆ ಕಾಣುವುದು ಎರಡೂವರೆ ಮೂರು ಸಾವಿರ, ಅಷ್ಟೆ. ಹನ್ನೆರಡು ಸಂಪುಟಗಳಲ್ಲಿ ಈ ಅಂಕಿಗಳು ಅಚ್ಚಾದವು. ಕಂಪ್ಯೂಟರ್ ಇಲ್ಲದ ಕಾಲದಲ್ಲಿ ಕಣ್ಣು ನೋಯಿಸಿಕೊಂಡು ಅಷ್ಟೂ ಅಳೆದ ಗುಮಾಸ್ತರ ಹೆಸರು ನಮಗೆ ಬಾಯಿಗೆ ಬರುವುದಿಲ್ಲ. ಆದರೆ ಅವರ ಅಂಕಿ ವ್ಯರ್ಥವಾಗಲಿಲ್ಲ. ಐರೋಪ್ಯರು 1989ರಲ್ಲಿ ಹಾರಿಸಿದ ಹಿಪ್ಪಾರ್ಕಸ್ ಉಪಗ್ರಹ ನಕ್ಷತ್ರಗಳ ಜಾಗವನ್ನು ಹೊಸದಾಗಿ ಅಳೆದಾಗ, ಅವು ಎಷ್ಟು ಸರಿದಿವೆ ಎಂದು ತಿಳಿಯಲು ಹಳೆಯ ಅಳತೆ ಬೇಕಾಯಿತು. ಆಗ ವಿಜ್ಞಾನಿಗಳು ತೆಗೆದದ್ದು ಈ ಹಳೆಯ ಸಂಪುಟಗಳನ್ನು. 2000ದಲ್ಲಿ ಬಂದ 25 ಲಕ್ಷ ನಕ್ಷತ್ರಗಳ ಟೈಕೊ-2 ಪಟ್ಟಿಯ ಬೆನ್ನಿಗೆ ಬೇಗಂಪೇಟೆಯ ಅಂಕಿಗಳೂ ನಿಂತಿವೆ. ಅಜ್ಜ ನೆಟ್ಟ ಗಡಿಕಲ್ಲು ನೋಡಿಯೇ ಮೊಮ್ಮಗ ಹೊಲ ಅಳೆಯುವುದಲ್ಲವೇ.

"ಅವ್ರು ಬರದಿದ್ದೂ ಕಲ್ಲಿನ ಹುಡುಗಿ ಹಂಗೇ ಆಯ್ತು," ಅಂದಳು ಹುಡುಗಿ. ನನಗೆ ಅದು ಹೊಳೆದಿರಲಿಲ್ಲ.

ಇದೇ ವೀಕ್ಷಣಾಲಯದಲ್ಲಿ ಕೇರಳದ ಕಡೆಯಿಂದ ಬಂದ ಒಬ್ಬರು ಕೆಲಸಕ್ಕಿದ್ದರು. ಅವರ ಮಗ ಈ ಗುಮ್ಮಟದ ನೆರಳಲ್ಲೇ ಬೆಳೆದ, ನಿಜಾಂ ಕಾಲೇಜಿನಲ್ಲಿ ಓದಿದ, ಹೈದರಾಬಾದ್ ಸರ್ಕಾರದ ವಿದ್ಯಾರ್ಥಿವೇತನದಲ್ಲಿ 1949ರಲ್ಲಿ ಹಾರ್ವರ್ಡಿಗೆ ಹೋದ. ಹೋದ ವರ್ಷವೇ, ಜುಲೈ 2ರಂದು, ತಾನು ತೆಗೆದ ಫೋಟೊ ಫಲಕದಲ್ಲಿ ಒಂದು ಹೊಸ ಧೂಮಕೇತು ಕಂಡ. ಅದಕ್ಕೆ ಬಾಪು-ಬಾಕ್-ನ್ಯೂಕರ್ಕ್ ಎಂದು ಹೆಸರಾಯಿತು. ಆ ಹುಡುಗನೇ ವೈನು ಬಾಪು. ನಾವು ಬೆಂಗಳೂರಿನಲ್ಲಿ ಭಾರತೀಯ ಖಗೋಳ ಭೌತ ಸಂಸ್ಥೆ ಎಂದು ಕರೆಯುತ್ತೇವಲ್ಲ, 1971ರಲ್ಲಿ ಅದನ್ನು ಕಟ್ಟಿದವರು ಅವರು. ಕಾವಲೂರಿನ ಬೆಟ್ಟದ ಮೇಲಿನ 2.34 ಮೀಟರಿನ ದೂರದರ್ಶಕಕ್ಕೆ ಅವರದೇ ಹೆಸರು. ಬೆಂಗಳೂರಿನ ಖಗೋಳ ವಿಜ್ಞಾನದ ಬೇರು ಹುಡುಕುತ್ತ ಹೋದರೆ ಒಂದು ಎಳೆ ಈ ಗಾರೆ ಉದುರಿದ ಗೋಡೆಗೆ ಬಂದು ತಾಗುತ್ತದೆ.

ಊರು ಬೆಳೆದು ದೀಪ ಹೆಚ್ಚಿದ ಮೇಲೆ ಉಸ್ಮಾನಿಯಾ ವಿಶ್ವವಿದ್ಯಾಲಯದವರು ದೂರದ ಜಪಾಲ್-ರಂಗಾಪುರಕ್ಕೆ 48 ಇಂಚಿನ ದೂರದರ್ಶಕ ಒಯ್ದರು. 1980ರ ಫೆಬ್ರವರಿ 16ರ ಪೂರ್ಣ ಸೂರ್ಯಗ್ರಹಣದ ನೆರಳು ನಮ್ಮ ಅಂಕೋಲಾ, ಗದಗ, ರಾಯಚೂರು ಹಾದು ನೇರ ಅಲ್ಲಿಗೇ ಹೋಯಿತು. ಆ ದಿನ ನಮ್ಮ ಅವ್ವ ರಾಯಚೂರಿನ ತವರಿನಲ್ಲಿದ್ದಳು. ಮಧ್ಯಾಹ್ನ ಕೋಳಿಗಳು ಗೂಡು ಸೇರಿದವು, ಕಿಟಕಿಯ ಸಂದಿಯಿಂದ ಬರುತ್ತಿದ್ದ ಬೆಳಕು ಕಂದಿತು, ನಾಯಿಗಳು ಸುಮ್ಮನಾದವು ಎಂದು ಕೊನೆಯವರೆಗೂ ಹೇಳುತ್ತಿದ್ದಳು. ಹೊರಗೆ ಬಂದು ನೋಡಬೇಕಿತ್ತು ಅಂದರೆ, "ಯಾರೂ ಬಿಡ್ಲಿಲ್ಲೋ" ಅನ್ನುವಳು. ಅವಳ ಆ ಒಂದು ಮಾತು ನನಗೆ ಈಗಲೂ ಚುಚ್ಚುತ್ತದೆ.

ಬೇಗಂಪೇಟೆಯಿಂದ ನೌಬತ್ ಪಹಾಡಿನ ಬಿರ್ಲಾ ವಿಜ್ಞಾನ ಕೇಂದ್ರಕ್ಕೆ ಹೋದೆವು. ತಾರಾಲಯ 1985ರಿಂದ ಇದೆ, ನಮ್ಮ ಕಡೆಯ ಶಾಲೆಗಳ ಎಷ್ಟೋ ಪ್ರವಾಸಗಳು ಅಲ್ಲಿಗೆ ಹೋಗಿ ಬಂದಿವೆ. ಅದರ ಬಗ್ಗೆ ಹೆಚ್ಚು ಹೇಳುವುದಿಲ್ಲ. ನಾವು ನಿಂತುಬಿಟ್ಟದ್ದು ಡೈನೊಸಾರಿನ ಮುಂದೆ. ಕೋಟಾಸಾರಸ್ ಯಾಮನಪಲ್ಲಿಯೆನ್ಸಿಸ್. ಆದಿಲಾಬಾದ್ ಸೀಮೆಯಲ್ಲಿ, ಪ್ರಾಣಹಿತಾ-ಗೋದಾವರಿ ಕಣಿವೆಯ ಯಾಮನಪಲ್ಲಿಯ ಹತ್ತಿರ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಇಲಾಖೆಯವರು ಅಗೆದು ತೆಗೆದ ಎಲುಬುಗಳು. ಉದ್ದ 44 ಅಡಿ, ಎತ್ತರ 16 ಅಡಿ, ವಯಸ್ಸು ಸುಮಾರು 18 ಕೋಟಿ ವರ್ಷ. ಒಂದೇ ಕಡೆ ಹನ್ನೆರಡಾದರೂ ಪ್ರಾಣಿಗಳ ಎಲುಬು ಸಿಕ್ಕಿದ್ದವು, ತಲೆಬುರುಡೆ ಮಾತ್ರ ಸಿಗಲಿಲ್ಲ. ಸೊಪ್ಪು ತಿಂದು ಬದುಕಿದ ಈ ದೊಡ್ಡ ಜೀವ ಸತ್ತು ಹನ್ನೊಂದು ಕೋಟಿ ವರ್ಷ ಕಳೆದ ಮೇಲೆ ನಮ್ಮ ಬೀದರಿನ ಲಾವಾ ಹರಿಯಿತು. ಕಾಲಿನ ಎಲುಬಿನ ಪಕ್ಕ ನಿಂತ ಹುಡುಗಿ ಎಲುಬಿಗಿಂತ ಗಿಡ್ಡವಾಗಿ ಕಂಡಳು.

ಅಂದು ಸಂಜೆ ಇಸಿಐಎಲ್ ಎಂಬ ಎಲೆಕ್ಟ್ರಾನಿಕ್ಸ್ ಕಾರ್ಖಾನೆ ಇರುವ ಕಡೆ ಬಸ್ಸು ಹಿಡಿದೆವು. ಅಲ್ಲಿ ನಮ್ಮ ಇನ್ನೊಬ್ಬ ಭಾವನವರ ಮನೆ. ಬಲೂನು ಕೇಂದ್ರ ಇರುವುದೂ ಅದೇ ಭಾಗದಲ್ಲಿ. ದಾರಿಯಲ್ಲಿ ಹಬ್ಸಿಗುಡಾದಲ್ಲಿ ಸಿಸಿಎಂಬಿ ಕಾಣುತ್ತದೆ, ಕೋಶ ಮತ್ತು ಅಣು ಜೀವವಿಜ್ಞಾನ ಕೇಂದ್ರ. ಬಸ್ಸು ಅದರ ಗೇಟಿನ ಮುಂದೆ ಸಿಗ್ನಲ್ಲಿಗೆ ನಿಂತಾಗ ಕೈ ತೋರಿಸಿ, "ಇದನ್ನ ನೆನಪಿಟ್ಕೋ, ರಾತ್ರಿ ಹೇಳ್ತೀನಿ" ಅಂದೆ.

ಭಾವನವರು ಇಸಿಐಎಲ್‌ನಲ್ಲಿ ದುಡಿದು ನಿವೃತ್ತರಾದವರು. ಊಟಕ್ಕೆ ಕೂತಾಗ, ಬೆಂಗಳೂರಿನ ಹತ್ತಿರದ ಬ್ಯಾಲಾಳುವಿನಲ್ಲಿ ನಿಂತಿರುವ 32 ಮೀಟರಿನ ದೊಡ್ಡ ಆಂಟೆನಾ ಕಟ್ಟಿಕೊಟ್ಟದ್ದು ತಮ್ಮ ಕಂಪನಿಯೇ ಎಂದು ಹೇಳುವಾಗ ಅವರ ದನಿ ಬದಲಾಯಿತು. 2008ರಲ್ಲಿ ಮೊದಲ ಚಂದ್ರಯಾನಕ್ಕೆಂದು ಆದದ್ದು ಅದು. ನಮ್ಮ ನೌಕೆಗಳು ಚಂದ್ರನಿಂದ, ಮಂಗಳನಿಂದ ಆಡಿದ ಮಾತು ಕೇಳಿಸಿಕೊಂಡ ಕಿವಿ. 2023ರ ಆಗಸ್ಟ್ 23ರ ಸಂಜೆ ಚಂದ್ರಯಾನ-3 ಇಳಿದದ್ದನ್ನು ಹುಡುಗಿ ಟಿವಿಯಲ್ಲಿ ನೋಡಿದ್ದಳು. ಆ ಸಂಜೆಯ ಹಿಂದೆ ತನ್ನ ಮನೆಯವರೇ ಒಬ್ಬರು ದುಡಿದ ಕಾರ್ಖಾನೆ ಇತ್ತು ಎಂದು ಅವಳಿಗೆ ಈಗ ಗೊತ್ತಾಯಿತು.

ಊಟವಾದ ಮೇಲೆ ಬಲೂನಿನ ಮಾತು.

1969ರಿಂದ ಇಲ್ಲಿಂದ ಬಲೂನುಗಳು ಹಾರುತ್ತಿವೆ. ಹೈದರಾಬಾದೇ ಏಕೆ? ಆಕಾಶದ ಎಕ್ಸ್-ಕಿರಣ, ಗಾಮಾ ಕಿರಣಗಳನ್ನು ನೋಡುವ ಉಪಕರಣಕ್ಕೆ ವಿಶ್ವಕಿರಣಗಳ ಗದ್ದಲ ಅಡ್ಡ ಬರುತ್ತದೆ. ಈ ಅಕ್ಷಾಂಶದಲ್ಲಿ ಭೂಮಿಯ ಕಾಂತಕ್ಷೇತ್ರ ಅಡ್ಡಕ್ಕೆ ಹಾಯುವುದರಿಂದ ಕಡಿಮೆ ಶಕ್ತಿಯ ಕಣಗಳನ್ನೆಲ್ಲ ಹೊರಗೇ ತಿರುಗಿಸಿ ಕಳಿಸುತ್ತದೆ. ಆದ್ದರಿಂದ ಇಲ್ಲಿ ಮೇಲೇರಿದ ಉಪಕರಣಕ್ಕೆ ಆಕಾಶ ನಿಚ್ಚಳವಾಗಿ ಕಾಣುತ್ತದೆ. ಬಲೂನು ಎಂದರೆ ಜಾತ್ರೆಯ ಬಲೂನಿನಂತೆ ಬಿಗಿದು ಉಬ್ಬಿಸಿದ್ದಲ್ಲ. ಕೂದಲಿಗಿಂತ ತೆಳುವಾದ ಪ್ಲಾಸ್ಟಿಕ್ ಹಾಳೆಯ ಚೀಲ, ಅದರ ನೆತ್ತಿಯಲ್ಲಿ ಒಂದಿಷ್ಟು ಜಲಜನಕ. ಉಳಿದ ಮೈಯೆಲ್ಲ ಒಣಹಾಕಿದ ಸೀರೆಯಂತೆ ಜೋಲುತ್ತಿರುತ್ತದೆ. ಮೇಲೆ ಹೋದಷ್ಟೂ ಹೊರಗಿನ ಒತ್ತಡ ಇಳಿಯುತ್ತದೆ, ಒಳಗಿನ ಅನಿಲ ಹಿಗ್ಗುತ್ತದೆ. 17 ಕಿಲೋಮೀಟರ್ ಎತ್ತರದಲ್ಲಿ ಸೊನ್ನೆಗಿಂತ ಸುಮಾರು 80 ಡಿಗ್ರಿ ಕೆಳಗಿನ ಚಳಿ. ಅಲ್ಲಿ ಹಾಳೆ ಗಾಜಿನಂತೆ ಒಡೆಯಬಾರದು. ಅದನ್ನು ದಾಟಿ 40 ಕಿಲೋಮೀಟರಿಗೆ ಹೋದರೆ ಗಾಳಿಯ ಒತ್ತಡ ನೆಲದ ಮೇಲಿನದರ ಮುನ್ನೂರರಲ್ಲಿ ಒಂದು ಪಾಲೂ ಇರುವುದಿಲ್ಲ. ಆಗ ಬಲೂನು ಪೂರ್ತಿ ತುಂಬಿ ದುಂಡಗಾಗುತ್ತದೆ.

"ಅಂದ್ರ ಜಲಸಂಗಿದು ಅಷ್ಟು ಮ್ಯಾಲಿಂದ ಬಂತಾ?"

"ಇಲ್ಲಿಂದ ಹಾರಿಸೋವು ಮೂವತ್ತರಿಂದ ನಲವತ್ತೆರಡು ಕಿಲೋಮೀಟರ್ ತನಾ ಹೋಗ್ತಾವಮ್ಮ," ಅಂದರು ಭಾವನವರು. "ವಿಮಾನ ಹೋಗೋದು ಹತ್ತು ಹನ್ನೆರಡು."

ಈ ಬಲೂನುಗಳ ಹಾರಾಟಗಳಲ್ಲಿ ನನ್ನ ಮನಸ್ಸು ಮತ್ತೆ ಮತ್ತೆ ಹೋಗಿ ನಿಲ್ಲುವುದು ಒಂದರ ಮೇಲೆ. 2005ರ ಏಪ್ರಿಲಿನಲ್ಲಿ ಇಲ್ಲಿಂದ 2 ಕೋಟಿ 67 ಲಕ್ಷ ಘನ ಅಡಿಯ ಬಲೂನೊಂದು 459 ಕಿಲೋ ಹೊತ್ತು ಮೇಲೇರಿತು. ಅದರ ಹೊರೆಯಲ್ಲಿ 16 ಉಕ್ಕಿನ ಕೊಳವೆಗಳು. ಒಂದೂ ಸೂಕ್ಷ್ಮಜೀವಿ ಉಳಿಯದಂತೆ ಶುದ್ಧ ಮಾಡಿ, ಒಳಗಿನ ಗಾಳಿಯನ್ನೆಲ್ಲ ತೆಗೆದ ಕೊಳವೆಗಳು. ಅವುಗಳ ಸುತ್ತ 38 ಕಿಲೋ ದ್ರವ ನಿಯಾನ್. ದ್ರವ ನಿಯಾನಿನ ಚಳಿ ಸೊನ್ನೆಗಿಂತ 246 ಡಿಗ್ರಿ ಕೆಳಗೆ. ಮೇಲೆ ಹೋಗಿ ಕೊಳವೆಯ ಬಾಯಿ ತೆರೆದೊಡನೆ ಒಳಗೆ ಬಂದ ಗಾಳಿ ಹೆಪ್ಪುಗಟ್ಟಿ ಗೋಡೆಗೆ ಅಂಟುತ್ತದೆ, ಖಾಲಿಯಾದ ಜಾಗಕ್ಕೆ ಮತ್ತಷ್ಟು ಗಾಳಿ ನುಗ್ಗುತ್ತದೆ. ಗಾಳಿಯೇ ಇಲ್ಲವೆನ್ನುವಂಥ ಜಾಗದಲ್ಲಿ ಗಾಳಿ ಹಿಡಿಯುವ ಉಪಾಯ ಇದು. 20ರಿಂದ 41 ಕಿಲೋಮೀಟರ್ ನಡುವೆ ಬೇರೆ ಬೇರೆ ಎತ್ತರದ ಗಾಳಿ ಹಿಡಿದ ಕೊಳವೆಗಳು ಪ್ಯಾರಾಚೂಟಿನಲ್ಲಿ ನೆಲಕ್ಕೆ ಬಂದವು.

ಅವು ಹೋದದ್ದು ಹಬ್ಸಿಗುಡಾದ ಸಿಸಿಎಂಬಿಗೆ, ಮತ್ತು ಹೋಲಿಸಿ ನೋಡಲು ಪುಣೆಯ ಜೀವಕೋಶ ವಿಜ್ಞಾನ ಕೇಂದ್ರಕ್ಕೆ. ಆ ಗಾಳಿಯಲ್ಲಿ ಜೀವ ಇತ್ತು! ಹನ್ನೆರಡು ಬ್ಯಾಕ್ಟೀರಿಯಾ, ಆರು ಶಿಲೀಂಧ್ರ ಬೆಳೆದವು. ನೀರಿಲ್ಲ, ಅನ್ನವಿಲ್ಲ, ಬಿಸಿಲಿನ ಅತಿನೇರಳೆ ಕಿರಣ ತಡೆಯಲು ಓಝೋನ್ ಪದರದ ರಕ್ಷೆಯೂ ಸಾಲದ ಜಾಗದಿಂದ ಬಂದವು ಅವು. ಹೆಚ್ಚಿನವು ಭೂಮಿಯ ಮೇಲೆ ಗೊತ್ತಿದ್ದ ಜಾತಿಗಳೇ. ಮೂರು ಬ್ಯಾಕ್ಟೀರಿಯಾ ಮಾತ್ರ ಅದುವರೆಗೆ ಯಾರೂ ಕಾಣದವು. 2009ರ ಮಾರ್ಚಿನಲ್ಲಿ ಇಸ್ರೋ ಲೋಕಕ್ಕೆ ಸಾರಿತು. ಒಂದಕ್ಕೆ ಖಗೋಳ ವಿಜ್ಞಾನಿ ಫ್ರೆಡ್ ಹೊಯ್ಲ್ ಹೆಸರಿನಿಂದ ಜಾನಿಬ್ಯಾಕ್ಟರ್ ಹೊಯ್ಲಿ, ಇನ್ನೊಂದಕ್ಕೆ ಇಸ್ರೋ ಹೆಸರಿನಿಂದ ಬ್ಯಾಸಿಲಸ್ ಇಸ್ರೋನೆನ್ಸಿಸ್, ಮೂರನೆಯದಕ್ಕೆ ಬ್ಯಾಸಿಲಸ್ ಆರ್ಯಭಟೈ. ಮೂರಕ್ಕೂ ತಮ್ಮ ಹತ್ತಿರದ ನಂಟರಿಗಿಂತ ಅತಿನೇರಳೆ ಕಿರಣ ತಾಳುವ ಶಕ್ತಿ ಹೆಚ್ಚು.

ಆರ್ಯಭಟ ಎಂದೊಡನೆ ಕನ್ನಡಿಗರಿಗೆ ನೆನಪಾಗಬೇಕಾದವರು ಉಡುಪಿಯ ಅದಮಾರಿನ ಯು. ಆರ್. ರಾವ್. ಬೆಂಗಳೂರಿನ ಪೀಣ್ಯದ ಶೆಡ್ಡುಗಳಲ್ಲಿ ಅವರ ಮುಂದಾಳ್ತನದಲ್ಲಿ ಆದ 360 ಕಿಲೋ ತೂಕದ ಆರ್ಯಭಟ, ಭಾರತದ ಮೊದಲ ಉಪಗ್ರಹವಾಗಿ 1975ರ ಏಪ್ರಿಲ್ 19ರಂದು ಸೋವಿಯತ್ ರಾಕೆಟ್ಟಿನಲ್ಲಿ ಏರಿತು. ಮೂವತ್ತು ವರ್ಷದ ಮೇಲೆ, ಹೈದರಾಬಾದಿನ ಈ ಬಲೂನಿನ ಪ್ರಯೋಗಕ್ಕೂ ಅದೇ ರಾವ್ ಬೆನ್ನಿಗಿದ್ದರು. ಮುಖ್ಯ ಸಂಶೋಧಕರು ಪುಣೆಯ ಜಯಂತ ನಾರ್ಳೀಕರ್. ಇನ್ನೊಬ್ಬ ಮಾರ್ಗದರ್ಶಕರು ಸಿಸಿಎಂಬಿ ಕಟ್ಟಿದ ಪಿ. ಎಂ. ಭಾರ್ಗವ. ರಾವ್ 2017ರ ಜುಲೈ 24ರಂದು ತೀರಿಕೊಂಡರು, ಭಾರ್ಗವ ಆಗಸ್ಟ್ 1ರಂದು. ಎಂಟು ದಿನದ ಅಂತರ.

ಹಾಗಾದರೆ ಈ ಜೀವಿಗಳು ಭೂಮಿಯಾಚೆಯಿಂದ ಬಂದವೇ? ಹಾಗೆಂದು ಸಾಬೀತಾಗಿಲ್ಲ ಎಂದು ಇಸ್ರೋ ಅಂದೇ ಸ್ಪಷ್ಟವಾಗಿ ಹೇಳಿತು. ಈ ಪ್ರಾಮಾಣಿಕತೆಗೆ ನಾನು ಕೈ ಮುಗಿಯುತ್ತೇನೆ. ಮುಂದೆ ಬ್ಯಾಸಿಲಸ್ ಆರ್ಯಭಟೈ ನೆಲದಲ್ಲೂ ಸಿಕ್ಕಿತು, ಚಹಾ ಗಿಡದ ಬೇರಿನ ಮಣ್ಣಿನಲ್ಲಿ, ಕೊರಿಯಾದ ಸೋಯಾ ಹೊಲದಲ್ಲಿ. ಗಿಡ ಬೆಳೆಯಲು ನೆರವಾಗುವ ಜೀವಿ ಅದು ಎಂದು ಗೊತ್ತಾಯಿತು. ಕೆಲವರಿಗೆ ಇದರಿಂದ ನಿರಾಸೆಯಾಗಿರಬಹುದು. ನನಗೆ ಬೆರಗು ಇಮ್ಮಡಿಯಾಯಿತು. ಬೇರಿನ ಬುಡದ ಮಣ್ಣಿನಲ್ಲಿ ಬದುಕುವ ಜೀವ ವಿಮಾನ ಹೋಗುವ ಎತ್ತರಕ್ಕಿಂತ ಎಷ್ಟೋ ಮೇಲೆಯೂ ಬದುಕಿ ಉಳಿಯಬಲ್ಲದು ಎಂದಾದರೆ, ನಮ್ಮ ಹೊಲದ ಒಂದು ಹಿಡಿ ಮಣ್ಣನ್ನು ನಾವು ಇನ್ನೂ ಸರಿಯಾಗಿ ನೋಡೇ ಇಲ್ಲ. 2025ರ ಜೂನಿನಲ್ಲಿ ಶುಭಾಂಶು ಶುಕ್ಲಾ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣಕ್ಕೆ ಹೋದಾಗ ಧಾರವಾಡದ ಕೃಷಿ ವಿಶ್ವವಿದ್ಯಾಲಯದವರು ಮೊಳಕೆ ಬರಿಸಲು ಹೆಸರುಕಾಳು, ಮೆಂತ್ಯ ಕೊಟ್ಟು ಕಳಿಸಿದ್ದರ ಹಿಂದೆಯೂ ನೆಲದ ಜೀವ ಮೇಲೆ ಹೇಗೆ ಬದುಕುತ್ತದೆ ಎಂಬ ಕುತೂಹಲವಿತ್ತು. ಆ ಮಾತಿಗೆ ಹುಡುಗಿ ಅಡುಗೆಮನೆಗೆ ಹೋಗಿ ಹೆಸರುಕಾಳಿನ ಡಬ್ಬಿ ತೆಗೆದು ನೋಡಿ ಬಂದಳು.

ಭಾವನವರು ಬಾಗಿಲಾಚೆ ನಿಂತು ಆಕಾಶ ನೋಡಿದರು. ಬೇವಿನ ಎಲೆ ಅಲುಗುತ್ತಿರಲಿಲ್ಲ. "ಗಾಳಿ ನಿಂತದ. ಇಂಥಾ ರಾತ್ರೀನೇ ಹಾರಸ್ತಾರ. ನಸುಕಿನ್ಯಾಗ ಎಬ್ಬಿಸ್ತೀನಿ, ನಸೀಬು ಇದ್ರ ಕಾಣ್ತದ," ಅಂದರು.

ನಸುಕಿಗೆ ಎಬ್ಬಿಸಿದರು. ಮಾಳಿಗೆಯ ಮೇಲೆ ಚಳಿ. ಕೆಳಗೆ ಓಣಿಯಲ್ಲಿ ಇನ್ನೂ ಕತ್ತಲು, ಹಾಲಿನ ಗಾಡಿಯ ಸದ್ದು. ಮೂಡಣದಲ್ಲಿ ಆಗತಾನೆ ಬೆಳಕು ಮೂಡುತ್ತಿತ್ತು. ಮೊದಲು ಕಂಡದ್ದು ಹುಡುಗಿಗೆ.

"ಮಾಮಾ, ಅಲ್ಲಿ!"

ನೆತ್ತಿಗಿಂತ ಸ್ವಲ್ಪ ವಾರೆಯಲ್ಲಿ ಒಂದು ಬಿಳಿಯ ಚುಕ್ಕೆ. ನಕ್ಷತ್ರದಂತೆ ಮಿಣುಕುತ್ತಿರಲಿಲ್ಲ, ವಿಮಾನದಂತೆ ಓಡುತ್ತಿರಲಿಲ್ಲ. ಭಾವನವರ ದುರ್ಬೀನು ಇಸಿದುಕೊಂಡು ನೋಡಿದೆ. ಚುಕ್ಕೆಯಲ್ಲ, ದುಂಡಗಿನ ಹನಿ. ಹಾಲಿನ ಬಣ್ಣ, ಅಂಚಿನಲ್ಲಿ ತುಸು ಚಿನ್ನದ ಛಾಯೆ. ಎಂಬತ್ತು ಮೀಟರ್ ಅಗಲದ ಬಲೂನು 35 ಕಿಲೋಮೀಟರ್ ಎತ್ತರದಲ್ಲಿದ್ದರೆ ನಮ್ಮ ಕಣ್ಣಿಗೆ ಚಂದ್ರಬಿಂಬದ ಕಾಲು ಪಾಲು ಅಗಲ ಕಾಣಬೇಕು ಎಂದು ಆಮೇಲೆ ಲೆಕ್ಕ ಹಾಕಿದೆ. ನೋಡುವಾಗ ಲೆಕ್ಕ ಹೊಳೆಯಲಿಲ್ಲ, ಉಸಿರು ನಿಂತಿತ್ತು. ನಮಗೆ ಇನ್ನೂ ನಸುಕು, ಅದಕ್ಕೆ ಆಗಲೇ ಬಿಸಿಲು. ಅಷ್ಟು ಎತ್ತರದಲ್ಲಿ ನಿಂತವರಿಗೆ ದಿಗಂತ ಆರು ಡಿಗ್ರಿ ಕೆಳಗಿರುತ್ತದೆ. ಹಾಗಾಗಿ ನಮಗಿಂತ ಸುಮಾರು 25 ನಿಮಿಷ ಮೊದಲೇ ಬಲೂನಿಗೆ ಸೂರ್ಯ ಹುಟ್ಟುತ್ತಾನೆ. ಆ 25 ನಿಮಿಷ ಇಡೀ ಹೈದರಾಬಾದಿನ ಮೇಲೆ ಬಿಸಿಲು ಕಾಯುತ್ತಿದ್ದುದು ಅದೊಂದೇ.

ಹುಡುಗಿ ದುರ್ಬೀನು ಕೊಡಲೇ ಇಲ್ಲ. ನಾವೂ ಕೇಳಲಿಲ್ಲ. ಮಾಳಿಗೆಯ ನೀರಿನ ಟ್ಯಾಂಕಿನ ಮೇಲೆ ಬಿಸಿಲು ಬಿದ್ದ ಮೇಲೆ ಬೆಳ್ಳನೆಯ ಆಕಾಶದಲ್ಲಿ ಅದು ಕರಗುತ್ತ ಬಂತು. ಆಗಲೂ ಅವಳು ಕತ್ತು ಇಳಿಸಿರಲಿಲ್ಲ.

"ಈಗ ಎಲ್ಲಿ ಇಳೀತದ?"

ಅದನ್ನು ಗಾಳಿ ಹೇಳಬೇಕು. ಎತ್ತರ ಎತ್ತರಕ್ಕೆ ಗಾಳಿಯ ದಿಕ್ಕು ಬೇರೆ. ವಿಶಾಖಪಟ್ಟಣ, ಹೈದರಾಬಾದ್, ಸೊಲ್ಲಾಪುರ ಈ ಮೂರನ್ನು ಸೇರಿಸಿ ಒಂದು ಗೆರೆ ಎಳೆದರೆ ಅದರ ಆಸುಪಾಸಿನಲ್ಲಿ, ಹೈದರಾಬಾದಿನಿಂದ ಇನ್ನೂರು ಮುನ್ನೂರು ಕಿಲೋಮೀಟರಿನವರೆಗೂ ಉಪಕರಣ ಹೋಗಿ ಇಳಿಯಬಹುದು. ಆ ಗೆರೆಯ ಆಸುಪಾಸಿನಲ್ಲೇ ಬೀದರ್ ಇದೆ, ಕಲಬುರಗಿ ಇದೆ. ತೊಗರಿ ಕೊಯ್ಲಿನ ಕಾಲವೂ ಬಲೂನು ಹಾರುವ ಕಾಲವೂ ಒಂದೇ.

ಅದಕ್ಕೇ ಈ ಸೀಮೆಯ ಓದುಗರಲ್ಲಿ ನನ್ನದೊಂದು ಕೋರಿಕೆ. ನಿಮ್ಮ ಹೊಲದಲ್ಲಿ ದೊಡ್ಡ ಪ್ಲಾಸ್ಟಿಕ್ ಹಾಳೆ, ಪ್ಯಾರಾಚೂಟು, ಕಟ್ಟಿದ ಪೆಟ್ಟಿಗೆ ಬಿದ್ದಿರುವುದು ಕಂಡರೆ ಹೆದರಬೇಡಿ, ಬಿಚ್ಚಬೇಡಿ, ಮಕ್ಕಳನ್ನು ಮುಟ್ಟಗೊಡಬೇಡಿ. ಕೆಲವು ಉಪಕರಣಗಳಲ್ಲಿ ಹೆಚ್ಚಿನ ವಿದ್ಯುತ್ತು ಇರುತ್ತದೆ. ಪೆಟ್ಟಿಗೆಯ ಮೇಲೆ ವಿಳಾಸ, ಫೋನ್ ನಂಬರು ಇರುತ್ತದೆ. ಆ ನಂಬರಿಗೆ, ಇಲ್ಲವೇ ಹತ್ತಿರದ ಪೊಲೀಸ್ ಠಾಣೆಗೆ ತಿಳಿಸಿ. ಒಳಗಿರುವುದು ಯಾರೋ ವರ್ಷಗಟ್ಟಲೆ ಕಾದು ಹಿಡಿದು ತಂದ ಆಕಾಶ. ಇನ್ನು ಚಳಿಗಾಲದ ಬೆಳಗಿನ ಜಾವ ಹೊಲಕ್ಕೆ ಹೋಗುವಾಗ, ಬೀದರ್ ಕಡೆಯವರಾದರೆ ಒಮ್ಮೆ ಆಗ್ನೇಯಕ್ಕೆ ತಿರುಗಿ ನೋಡಿ. 35 ಕಿಲೋಮೀಟರ್ ಎತ್ತರದಲ್ಲಿರುವುದು ಬೀದರಿಗೂ ಕಾಣಬೇಕು. ಕೈ ಚಾಚಿ ಹಿಡಿದರೆ ದಿಗಂತದ ಮೇಲೆ ಒಂದೂವರೆ ಮುಷ್ಟಿ ಎತ್ತರದಲ್ಲಿ, ಮಿಣುಕದ ಬಿಳಿ ಚುಕ್ಕೆ ಕಂಡರೆ ಮನೆಯ ಮಕ್ಕಳನ್ನು ಎಬ್ಬಿಸಿ ತೋರಿಸಿ.